ಸ್ವಾರಸ್ಯ ಇರುವುದು ಗೈಡಿನಲ್ಲೋ, ಕತೆಯಲ್ಲೋ?

ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನವೇ ತುಮಕೂರಿನಿಂದ ಕುಣಿಗಲ್ ಬಸ್ ಹತ್ತಿದೆ. ಚಿಕ್ಕಮ್ಮನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ‘ಹೇಗೂ ಬಿಇ ಓದ್ತಿದ್ದೀಯ, ಬಂದು ಅವಳಿಗೆ ಒಂದಿಷ್ಟು ಗಣಿತ ಹೇಳಿಕೊಡು’ ಎಂದು ಚಿಕ್ಕಮ್ಮ ಫೋನ್ ಮಾಡಿದ್ದರು. ಹೋಗಿ ನೋಡಿದರೆ ಗಣಿತದಲ್ಲಿ ಅವಳು ನನಗಿಂತ ಚುರುಕು. ಆದರೆ ಕನ್ನಡ ಗೈಡ್ ಹಿಡಿದು, ಕಣ್ಣು ಮುಚ್ಚಿ, ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಏನೋ ಉರು ಹೊಡೆಯುತ್ತಿದ್ದಳು. ಕಿವಿಗೊಟ್ಟೆ. ‘ಸ್ವಾರಸ್ಯ: ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.’

ನಗು ಬಂತು. ಮರುಕ್ಷಣವೇ, ನಾನೂ ಇದನ್ನೇ ಬರೆದು ಅಂಕ ತೆಗೆದುಕೊಂಡವಳು ಎಂಬುದು ನೆನಪಾಯಿತು.

ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ, ಕನ್ನಡ ಪರೀಕ್ಷೆ ಬರೆದ ಎಲ್ಲರಿಗೂ ಈ ಪ್ರಶ್ನೆ ಗೊತ್ತು. ಒಂದು ವಾಕ್ಯ ಕೊಟ್ಟು ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ ಎನ್ನುತ್ತಾರೆ. ನಾವು ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತಲೆಬರಹ ಹಾಕಿ ಬರೆಯುತ್ತೇವೆ. ಯೋಚಿಸಿದರೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ಈ ಮಾತಿನಲ್ಲಿ ನಿನಗೆ ಏನು ರುಚಿಸಿತು ಎಂದು ಕೇಳುವ ಪ್ರಶ್ನೆ ಅದು. ಅದಕ್ಕೂ ಬೇರೆಯವರು ಅಗಿದ ಉತ್ತರವನ್ನೇ ನುಂಗಿ ಬರೆಯುತ್ತೇವಲ್ಲ!

‘ನಿನಗೆ ನಿಜವಾಗಿ ಏನನ್ನಿಸಿತು?’ ಎಂದು ಕೇಳಿದೆ. ‘ಅದನ್ನ ಪರೀಕ್ಷೆಲಿ ಕೇಳಲ್ಲ ಅಕ್ಕ’ ಎಂದಳು.

ಪಠ್ಯಪುಸ್ತಕ ಪಕ್ಕಕ್ಕಿಟ್ಟು ಅವಳಿಗೆ ಬಾಯಿಪಾಠವಿದ್ದ ಕುಣಿಗಲ್ ಕೆರೆಯ ಜನಪದ ಹಾಡಿನಿಂದ ಶುರು ಮಾಡಿದೆವು. ‘ಈ ಹಾಡು ಹಾಡುತ್ತಿರುವವರು ಇದೇ ಊರಿನವರೋ, ಹೊರಗಿನಿಂದ ಬಂದವರೋ?’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹೊರಗಿನವರೇ ಇರಬೇಕು. ನಾವು ದಿನಾ ಕೆರೆ ನೋಡ್ತೀವಿ, ಅಷ್ಟು ಬೆರಗಾಗಲ್ಲ.’ ನಾನು ಬಿಡಲಿಲ್ಲ. ‘ಊರಿನವರೇ ನೆಂಟರಿಗೆ ಜಂಬದಿಂದ ತೋರಿಸುತ್ತಿರಬಹುದಲ್ಲ? ನಿನ್ನ ಮಾತಿಗೆ ಹಾಡಿನೊಳಗಿಂದ ಒಂದು ಪದ ತೋರಿಸು.’ ಅವಳು ಹಾಡನ್ನು ಮತ್ತೆ ಮೊದಲಿನಿಂದ ಗುನುಗಿದಳು. ನೂರು ಸಲ ಹಾಡಿದ್ದನ್ನು ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು.

ಪುರಾವೆ ತೋರಿಸು ಎನ್ನುವುದು ನನಗೆ ಲ್ಯಾಬಿನಿಂದ ಬಂದ ಅಭ್ಯಾಸ. ಪ್ರಯೋಗದಲ್ಲಿ ರೀಡಿಂಗ್ ತೆಗೆಯದೆ ಗೆಳತಿಯ ರೆಕಾರ್ಡ್ ನೋಡಿ ಗ್ರಾಫ್ ಎಳೆದರೆ ವೈವಾದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ. ಕತೆ ಓದದೆ ಗೈಡಿನ ಸ್ವಾರಸ್ಯ ಬರೆಯುವುದೂ ಅದೇ. ವ್ಯತ್ಯಾಸ ಇಷ್ಟೇ, ಕನ್ನಡದಲ್ಲಿ ವೈವಾ ಇಲ್ಲ.

ಇದೇನು ಹೊಸ ವಿದ್ಯೆಯಲ್ಲ. ನಮ್ಮ ಜಿಲ್ಲೆಯ ನೆಲಕ್ಕೇ ಇದರ ನಂಟಿದೆ. 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತಲೇ ಒಂದು ಪೀಳಿಗೆಯನ್ನು ಕನ್ನಡದ ಕಡೆ ತಿರುಗಿಸಿದರು. 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯ ‘ಭಾರತೀಯ ಕಾವ್ಯಮೀಮಾಂಸೆ’ ಬರೆದು ರಸ, ಧ್ವನಿ ಎಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಿದರು. ನನ್ನೂರು ಗುಬ್ಬಿಯಂತೂ ನಾಟಕದ ಊರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ವೀರಣ್ಣನವರಿಂದ ನಾಡಿಗೆಲ್ಲ ಹೆಸರಾಯಿತು. ಹಿಂದೆಲ್ಲ ನಾಟಕ ನೋಡಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಜನ ಜಗಳವಾಡುತ್ತಿದ್ದರಂತೆ, ಅವನು ಮಾಡಿದ್ದು ಸರಿಯೇ, ಅವಳು ಹಾಗೇಕೆ ಅಂದಳು ಎಂದು. ನಮ್ಮಜ್ಜಿ ಈಗಲೂ ಹೇಳುತ್ತಾರೆ. ಗೈಡ್ ಇಲ್ಲದೆ ನಡೆದ ವಿಮರ್ಶೆ ಅದು.

ಎರಡನೇ ದಿನ ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಓದಿದೆವು. ಮಂಗಮ್ಮ ಬೆಂಗಳೂರಿಗೆ ಮೊಸರು ಮಾರಲು ಬರುವ ಹಳ್ಳಿ ಹೆಂಗಸು. ಮೊಮ್ಮಗನಿಗೆ ಹೊಡೆದಳೆಂದು ಸೊಸೆ ನಂಜಮ್ಮನ ಜತೆ ಜಗಳವಾಗಿ ಬೇರೆ ಅಡುಗೆ ಮಾಡಿಕೊಳ್ಳುತ್ತಾಳೆ. ಕೊನೆಗೆ ಮೊಮ್ಮಗ ಅಜ್ಜಿಯ ಹತ್ತಿರ ಬಂದುಬಿಡುತ್ತಾನೆ, ಮನೆ ಒಂದಾಗುತ್ತದೆ. ನಾನು ಇದನ್ನು ಅಜ್ಜಿ–ಮೊಮ್ಮಗನ ಪ್ರೀತಿಯ ಕತೆ ಎಂದೇ ಓದಿಕೊಂಡಿದ್ದೆ. ಅವಳು ಕೇಳಿದಳು: ‘ಅಕ್ಕ, ಮಗು ತಾನಾಗೇ ಬಂದಿದ್ದಲ್ಲ. ನಂಜಮ್ಮನೇ ಕಳಿಸಿದ್ದು. ಅತ್ತೆ ದುಡ್ಡು ಬೇರೆಯವರ ಪಾಲಾದೀತು ಅಂತ ಅವಳಿಗೆ ಭಯ. ಇಲ್ಲಿದೆ ನೋಡು.’ ಬೆರಳಿಟ್ಟು ತೋರಿಸಿದಳು.

‘ಹಾಗಾದ್ರೆ ನಂಜಮ್ಮ ಕೆಟ್ಟವಳಾ? ಬರಿ’ ಎಂದೆ. ಅರ್ಧ ಗಂಟೆ ಒದ್ದಾಡಿ ಬರೆದ ಅರ್ಧ ಪುಟದಲ್ಲಿ ಎರಡು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿದವು: ‘ನಂಜಮ್ಮನಿಗೆ ದುಡ್ಡಿನ ಭಯವೂ ಇತ್ತು, ಅತ್ತೆ ಬೇಕು ಅಂತಲೂ ಇತ್ತು. ಒಂದು ನಿಜ ಅಂದರೆ ಇನ್ನೊಂದು ಸುಳ್ಳು ಆಗಬೇಕಾಗಿಲ್ಲ.’

ಗುಬ್ಬಿಯ ನಮ್ಮ ಮನೆಯಲ್ಲೂ ಎರಡು ಒಲೆ ಉರಿದ ಕಾಲವೊಂದಿತ್ತು. ಅಮ್ಮ ಮತ್ತೆ ಅಜ್ಜಿಯನ್ನು ಒಳಗೆ ಕರೆದದ್ದು ಅವರ ಪಿಂಚಣಿಗಾಗಿ ಎಂದು ಯಾರೋ ಹೇಳಿದ್ದನ್ನು ನಂಬಿ, ನಾನು ಅಮ್ಮನ ಮೇಲೆ ಎಷ್ಟೋ ದಿನ ಒಳಗೊಳಗೇ ಮುನಿಸಿಕೊಂಡಿದ್ದೆ. ಅಜ್ಜಿಗೆ ಜ್ವರ ಬಂದಾಗ ರಾತ್ರಿಯಿಡೀ ಕೂತದ್ದೂ ಅದೇ ಅಮ್ಮ. ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ನನಗೆ ಬಂದಿರಲಿಲ್ಲ. ಹತ್ತನೇ ಕ್ಲಾಸಿನ ಹುಡುಗಿ ಒಂದು ಕತೆ ಓದಿ ಅದನ್ನು ಹೇಳಿಕೊಟ್ಟಳು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ತಿಂಗಳ ಕಿರುಪರೀಕ್ಷೆಯಲ್ಲಿ ಅವಳು ಧೈರ್ಯ ಮಾಡಿ ಸ್ವಂತ ಸ್ವಾರಸ್ಯ ಬರೆದಳು. ಮೂರಕ್ಕೆ ಎರಡು ಬಂತು. ಗೈಡಿನ ವಾಕ್ಯ ಬರೆದ ಪಕ್ಕದವಳಿಗೆ ಮೂರಕ್ಕೆ ಮೂರು! ‘ಪಬ್ಲಿಕ್ ಪರೀಕ್ಷೆಲಿ ಯಾವುದು ಬರೀಲಿ?’ ಎಂದು ಅಳುಮುಖ ಮಾಡಿ ವಿಡಿಯೊ ಕಾಲ್ ಮಾಡಿದಳು.

ನನಗೆ ಸಿಟ್ಟು ಬಂತು. ಆದರೆ ಉತ್ತರಪತ್ರಿಕೆಯ ಫೋಟೊ ತರಿಸಿ ನೋಡಿದರೆ, ‘ನನಗೆ ಈ ಮಾತು ತುಂಬಾ ಇಷ್ಟವಾಯಿತು’ ಎಂದಷ್ಟೇ ಬರೆದಿದ್ದಳು. ಯಾಕೆ ಇಷ್ಟ, ಯಾವ ಪದದಿಂದ ಇಷ್ಟ ಎಂದಿರಲಿಲ್ಲ. ರಾಶಿ ಪತ್ರಿಕೆ ತಿದ್ದುವ ಮೇಷ್ಟ್ರಿಗೆ ಅದು ಕಾಣುವುದಾದರೂ ಹೇಗೆ? ಅಭಿಪ್ರಾಯ ಹೇಳುವುದು ಬೇರೆ, ಅದನ್ನು ಪಠ್ಯದಿಂದ ತೋರಿಸಿಕೊಡುವುದು ಬೇರೆ. ನಾವು ಕಲಿಯಬೇಕಾದದ್ದು ಎರಡನೆಯದನ್ನು.

ಈಗ ನಮ್ಮಿಬ್ಬರದು ಒಂದು ಒಪ್ಪಂದ. ಪ್ರತಿ ಭಾನುವಾರ ಒಂದು ಕತೆ. ಏನಾಯಿತು, ಯಾರು ಹೇಳುತ್ತಿದ್ದಾರೆ, ಯಾರ ಮಾತು ನಮಗೆ ಕೇಳಿಸಲಿಲ್ಲ, ಹಾಗೆನ್ನಲು ಪುರಾವೆ ಎಲ್ಲಿದೆ? ಈ ನಾಲ್ಕಕ್ಕೆ ಅವಳು ಅರ್ಧ ಪುಟ, ನಾನು ಅರ್ಧ ಪುಟ. ಬಿಇ ಸೇರಿದ ಮೇಲೆ ಕನ್ನಡದಲ್ಲಿ ಒಂದು ಪ್ಯಾರಾ ಬರೆಯುವುದೂ ನಿಂತುಹೋಗಿದ್ದ ನನಗೆ ಮೊದಮೊದಲು ಕೈ ನಡುಗಿತು. ಪಬ್ಲಿಕ್ ಪರೀಕ್ಷೆಗೆ ಗೈಡಿನದೋ ತನ್ನದೋ ಎಂದು ಅವಳಿನ್ನೂ ತೀರ್ಮಾನಿಸಿಲ್ಲ. ನಾನೂ ಒತ್ತಾಯಿಸುತ್ತಿಲ್ಲ, ಅಂಕ ಅವಳದು. ಆದರೆ ಕಳೆದ ಭಾನುವಾರ ನನ್ನ ಅರ್ಧ ಪುಟ ಓದಿ ಅವಳೇ ಮೆಸೇಜ್ ಹಾಕಿದ್ದಳು: ‘ಅಕ್ಕ, ಪುರಾವೆ ಎಲ್ಲಿ?’