ಸುಣ್ಣಗಲ್ಲಿನ ಸೀಮೆಯಲ್ಲಿ ನೀರಿನ ದಾರಿ

ಚಿಂಚೋಳಿಯ ಚಂದ್ರಂಪಳ್ಳಿ ಕಾಡು ಬಿಟ್ಟು ಸೇಡಂ ಕಡೆ ಇಳಿದರೆ ಕೆಂಪು ಜಂಬಿಟ್ಟಿಗೆ ನೆಲ ಹಿಂದುಳಿಯುತ್ತದೆ. ಮಳಖೇಡದಲ್ಲಿ ರಾಷ್ಟ್ರಕೂಟರ ಕೋಟೆಯ ಮಗ್ಗುಲಲ್ಲೇ ಕಾಗಿಣಾ ನದಿ. ಮುಂದೆ ಚಿತ್ತಾಪುರ, ವಾಡಿ, ಶಹಾಬಾದ್‌. ಈ ಸೀಮೆಯುದ್ದಕ್ಕೂ ಕಾಲಡಿ ಸುಣ್ಣಗಲ್ಲು. ವಾಡಿಯ ಸಿಮೆಂಟು, ಶಹಾಬಾದಿನ ಫರಸಿ, ಬೋರ್‌ವೆಲ್ ನೀರಿನ ಗಡಸುತನ ಮೂರಕ್ಕೂ ಅದೇ ಮೂಲ.

ಶಹಾಬಾದಿನಲ್ಲಿ ಕಳಚಿ ಹಾಕಿದ ಹಳೆಯ ಕಬ್ಬಿಣದ ಪೈಪೊಂದರೊಳಗೆ ಬೆರಳಾಡಿಸಿ ನೋಡಿದೆ. ಬೂದು ಬಣ್ಣದ ಸುಣ್ಣದ ಪದರ ಗಟ್ಟಿಯಾಗಿ, ತರಿತರಿಯಾಗಿ ಕಟ್ಟಿತ್ತು. ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಲ್ಲನ್ನು ಕರಗಿಸುತ್ತದೆ. ನೀರು ಮೇಲೆ ಬಂದು ಆ ಅನಿಲ ಬಿಟ್ಟುಕೊಟ್ಟಾಗ ಕರಗಿದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. 10 ಸೆಂ.ಮೀ. ವ್ಯಾಸದ ಪೈಪಿನಲ್ಲಿ ಸುತ್ತಲೂ ಅರ್ಧ ಸೆಂ.ಮೀ. ಕಟ್ಟಿದರೆ ಉಳಿಯುವ ದಾರಿ 9 ಸೆಂ.ಮೀ. ಅಷ್ಟೇ ನೀರು ಹರಿಸಲು ಘರ್ಷಣೆ ನುಂಗುವ ಒತ್ತಡ ಸುಮಾರು ಶೇ 70ರಷ್ಟು ಏರುತ್ತದೆ. ತರಿಯಿಂದಾಗುವ ನಷ್ಟ ಬೇರೆ. ಅದೆಲ್ಲ ಪಂಪಿನ ಕರೆಂಟಿನ ಖರ್ಚಿಗೇ ಸೇರುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ನಷ್ಟವನ್ನು ಲ್ಯಾಬಿನಲ್ಲಿ ಅಳೆಯುತ್ತಾರೆ. ವಾಲ್ವ್ ತೆರೆದಂತೆಲ್ಲ, ಒತ್ತಡದ ನಷ್ಟ ತೋರಿಸುವ ಮ್ಯಾನೋಮೀಟರಿನ ಎರಡು ಕೊಳವೆಗಳಲ್ಲಿ ಪಾದರಸದ ಮಟ್ಟದ ಅಂತರ ಹಿಗ್ಗುತ್ತದೆ. ಆ ಅಂತರವನ್ನು ತಗ್ಗಿಸುವುದು ಹೇಗೆ ಎಂಬುದೇ ಸಂಶೋಧನೆಯ ಪ್ರಶ್ನೆ.

ದ್ರವಕ್ಕೆ ಚಿಟಿಕೆಯಷ್ಟು ಪಾಲಿಮರ್ ಬೆರೆಸಿದರೆ ಕಲಕಿ ಹರಿಯುವಾಗಿನ ಘರ್ಷಣೆ ಬಹಳ ಇಳಿಯುತ್ತದೆಂದು 1948ರಲ್ಲಿ ವಿಜ್ಞಾನಿ ಟಾಮ್ಸ್ ತೋರಿಸಿದರು. 1979ರಿಂದ ಅಲಾಸ್ಕಾದ ಎಣ್ಣೆ ಪೈಪ್‌ಲೈನಿನಲ್ಲಿ ಈ ಉಪಾಯ ಬಳಕೆಗೆ ಬಂತು. ಕುಡಿಯುವ ನೀರಿಗೆ ಏನನ್ನಾದರೂ ಬೆರೆಸುವುದು ಅಷ್ಟು ಸಲೀಸಲ್ಲ. ಹಾಗಾಗಿ ಪೈಪಿನ ಗೋಡೆಯನ್ನೇ ಬದಲಿಸುವ ದಾರಿ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೆಸುವಿನ ಎಲೆಯಂತೆ ನೀರು ಅಂಟದ, ಸೂಕ್ಷ್ಮ ತಗ್ಗುಗಳಿರುವ ಮೇಲ್ಮೈಗಳನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ತಗ್ಗುಗಳಲ್ಲಿ ಗಾಳಿ ಇರುವವರೆಗೆ ನೀರು ಜಾರುತ್ತದೆ. ಹೊತ್ತು ಕಳೆದಂತೆ ಗಾಳಿ ಹೋಗಿ ಆ ಲಾಭ ಕುಗ್ಗುತ್ತದೆ.

ನಮ್ಮ ಭಾಗಕ್ಕೆ ಇನ್ನೊಂದು ಪರೀಕ್ಷೆಯೂ ಬೇಕು: ಆ ಮೇಲ್ಮೈ ಗಡಸು ನೀರಿಗೆ ಎಷ್ಟು ದಿನ ತಾಳುತ್ತದೆ? ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ. ಸುಣ್ಣ ಕಟ್ಟಿದ ಒಂದು ಪೈಪು, ಅದೇ ಅಳತೆಯ ಒಂದು ಹೊಸ ಪೈಪು, ಇಲ್ಲಿನದೇ ಬೋರ್ ನೀರು, ಒಂದು ಮ್ಯಾನೋಮೀಟರ್ ಇದ್ದರೆ, ಮೊದಲು ಸುಣ್ಣದಿಂದಾಗುವ ನಷ್ಟವನ್ನು ಅಳೆದು ಅಲ್ಲಿ ಕೆಲಸ ಶುರುಮಾಡಬಹುದು. ಈ ಜಿಲ್ಲೆಯ ವಿದ್ಯಾರ್ಥಿಗಳು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಳ್ಳಲಿ.