ಅಂಗಡಿ, ದಮ್ಮು ಮತ್ತು ರವಿವಾರ

ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಇತ್ತೀಚೆಗೆ ಹೊಸದೊಂದು ಹವ್ಯಾಸ ಕಾಲಿಟ್ಟಿದೆ. ಗದ್ದಿಯ ಮೇಲೆ ಕೂಡುವ ಮಕ್ಕಳು, ಅಷ್ಟೇ ಏಕೆ, ಸೊಸೆಯಂದಿರು ಸಹ ದೂರದ ಓಟಗಳಿಗೆ ಹೆಸರು ಹಚ್ಚುತ್ತಿದ್ದಾರೆ. ಸೋಲಾಪುರ ಸೀಮೆಯ ನಮ್ಮವರ ಕಣ್ಣು ಹೆಚ್ಚಾಗಿ ಸಾತಾರೆಯ ಘಟ್ಟದ ಅರ್ಧ ಮ್ಯಾರಥಾನ್ ಮೇಲೆ. 2012ರಲ್ಲಿ ಆರಂಭವಾದ ಈ ಓಟ 21 ಕಿಲೋಮೀಟರಿನದು. ಊರಿನಿಂದ ಯವತೇಶ್ವರ ಘಾಟ್ ಏರಿ, ಕಾಸ್ ಪಠಾರದ ದಾರಿ ಹಿಡಿದು, ಅರ್ಧದಲ್ಲಿ ಹೊರಳಿ ಇಳಿದು ಬರಬೇಕು.

ಓಡುವುದು ಒಳ್ಳೆಯದೇ. ಆದರೆ ಮುಂಜಾನೆ ಅಂಗಡಿಯ ಬಾಗಿಲು ಯಾರು ತೆಗೆಯಬೇಕು, ರವಿವಾರ ಮನೆಮಂದಿಯದೋ ಓಟದ್ದೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ತಿಂಗಳು ಮಾತು ನಡೆಯಿತು. ಮಗ ಓಡಿ ಬಂದು ಗಲ್ಲಾದ ಮುಂದೆ ತೂಕಡಿಸಿದರೆ ವ್ಯಾಪಾರವೂ ಇಲ್ಲ, ಆರೋಗ್ಯವೂ ಇಲ್ಲ.

"ದಿನವಿಡೀ ಅಂಗಡಿಯಲ್ಲಿ ನಿಂತೇ ಇರುತ್ತೇವಲ್ಲ, ಮತ್ತೇಕೆ ವ್ಯಾಯಾಮ?" ಎನ್ನುವ ಹಿರಿಯರಿದ್ದಾರೆ. ನಿಂತರೆ ಕಾಲು ಬಾಯುತ್ತದೆ, ದಮ್ಮು ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ ಬೇಕು. ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಬಿರುಸಿನ ನಡಿಗೆಯೂ ಇದರಲ್ಲಿ ಸೇರುತ್ತದೆ. ನಮ್ಮ ವಯಸ್ಸಿನವರಿಗೆ ಅಷ್ಟೇ ಸಾಕು.

ಓಡುವವರು ವಾರದಲ್ಲಿ ಮೂರು ದಿನ ಮುಂಜಾನೆ ನಲವತ್ತು ನಿಮಿಷ, ರವಿವಾರ ಒಂದು ದೊಡ್ಡ ಓಟ ಇಟ್ಟುಕೊಂಡರೆ ಅಂಗಡಿಗೆ ತೊಂದರೆಯಿಲ್ಲ. ದೊಡ್ಡ ಓಟವನ್ನು ಒಂದು ಗಂಟೆಯಿಂದ ಎರಡು ಗಂಟೆಯವರೆಗೆ ಸ್ವಲ್ಪಸ್ವಲ್ಪವಾಗಿ ಬೆಳೆಸಬೇಕು. ವೇಗಕ್ಕೆ ಒಂದು ಸುಲಭ ಅಳತೆಯಿದೆ. ಜೊತೆಗಾರನೊಡನೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ಗಿರಾಕಿಯೊಡನೆ ಭಾವ ಚೌಕಾಸಿ ಮಾಡಲಾರದಷ್ಟು ಏದುಸಿರು ಬಂದರೆ ಅಂದಿನ ಓಟ ಜೋರಾಯಿತೆಂದೇ ತಿಳಿಯಿರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು ಮೊದಲು ಡಾಕ್ಟರರನ್ನು ಕಾಣಬೇಕು. ಎದೆಯಲ್ಲಿ ನೋವು ಕಂಡರೆ ಅಲ್ಲಿಯೇ ನಿಲ್ಲಬೇಕು.

ನಮ್ಮ ಮನೆಗಳ ನಿಜವಾದ ಸಮಸ್ಯೆ ಊಟದ್ದು. ಸೂರ್ಯಾಸ್ತದ ಮೊದಲೇ ಉಂಡವನ ಹೊಟ್ಟೆ ಮುಂಜಾನೆಗೆ ಹನ್ನೆರಡು ತಾಸು ಖಾಲಿ. ಸೂರ್ಯೋದಯಕ್ಕೆ ಮುಂಚೆ ನೀರನ್ನೂ ಮುಟ್ಟದವರು ನಮ್ಮಲ್ಲಿ ಇನ್ನೂ ಇದ್ದಾರೆ. ಒಂದು ತಾಸಿನೊಳಗಿನ ನಿಧಾನ ಓಟಕ್ಕೆ ಇದು ಅಡ್ಡಿಯಲ್ಲ, ಮೈಯಲ್ಲಿ ಕೂಡಿಟ್ಟ ಶಕ್ತಿ ಸಾಲುತ್ತದೆ. ಎರಡು ತಾಸಿನ ಓಟಕ್ಕೆ ಸಾಲದು. ಆದ್ದರಿಂದ ನಮ್ಮಲ್ಲಿ ದೊಡ್ಡ ಓಟ ಮಳೆಗಾಲ, ಚಳಿಗಾಲದಲ್ಲಿ ಮಾತ್ರ. ಬಿಸಿಲೇರಿದ ಮೇಲೆ ಹಾಲು, ಬಾಳೆಹಣ್ಣು ತೆಗೆದುಕೊಂಡು ಹೊರಡುತ್ತಾರೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಸಣ್ಣ ಓಟವೇ ಸರಿ. ಬಂದ ಮೇಲೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಮೊಸರು. ಡಬ್ಬಿಯ ಪುಡಿಗಳಿಗೆ ದುಡ್ಡು ಸುರಿಯುವುದನ್ನು ನಾವಂತೂ ಒಪ್ಪುವುದಿಲ್ಲ.

ರವಿವಾರದ ತಂಟೆ ಬಗೆಹರಿಸಿದವಳು ನಮ್ಮ ಸೊಸೆ. ಸೋಲಾಪುರ ಬಯಲು ಸೀಮೆ, ಏರು ಹುಡುಕಬೇಕಾದರೆ ತುಳಜಾಪುರದ ಘಾಟಿಗೆ ಹೋಗಬೇಕು. ತಿಂಗಳಿಗೊಮ್ಮೆ ಓಡುವವರು ಮುಂದೆ ಹೋಗುತ್ತಾರೆ, ಉಳಿದವರು ಬುತ್ತಿ ಕಟ್ಟಿಕೊಂಡು ಹಿಂದಿನಿಂದ ಬರುತ್ತೇವೆ. ಅಲ್ಲಿಂದ ನಳದುರ್ಗದ ಕೋಟೆಗೆ. ಬೋರಿ ನದಿಗೆ ಕಟ್ಟಿದ ಒಡ್ಡಿನೊಳಗಿನ ಪಾಣಿ ಮಹಲು, ಒಳ್ಳೆಯ ಮಳೆಯಾದಾಗ ಧುಮುಕುವ ನರ-ಮಾದಿ ಧಾರೆಗಳನ್ನು ಕಂಡು ಮೊಮ್ಮಕ್ಕಳು ಮನೆಗೆ ಬರಲೊಲ್ಲರು.

ಏರಿಗಿಂತ ಇಳಿಜಾರು ಕಾಲಿಗೆ ಕೆಟ್ಟದ್ದೆಂಬುದನ್ನೂ ಇಲ್ಲಿಯೇ ಕಂಡೆವು. ತೊಡೆಯ ನೋವು ಅಂದಿಗಿಂತ ಮರುದಿನ, ಅದರ ಮರುದಿನ ಹೆಚ್ಚು. ಸೋಮವಾರ ಮಗ ಮಾಳಿಗೆಯ ಗೋದಾಮಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವುದನ್ನು ಕಂಡು ಹಮಾಲರು ನಕ್ಕರು. ಅಂಥ ದಿನ ಅವನಿಗೆ ಲೆಕ್ಕದ ಕೆಲಸ, ತಟ್ಟು ಎಣಿಸುವುದು ತಮ್ಮನಿಗೆ.

ಸಾತಾರೆಯ ಓಟ ಆಗಸ್ಟ್-ಸೆಪ್ಟೆಂಬರ ಸುಮಾರಿಗೆ ಬರುತ್ತದೆ, ನಮ್ಮ ದಶಲಕ್ಷಣ ಪರ್ವವೂ ಆಗಲೇ. ಉಪವಾಸದಲ್ಲಿ ದೂರ ಓಡುವುದು ಸಲ್ಲದು. ಎರಡೂ ಒಂದೇ ವಾರ ಬಿದ್ದರೆ ಹೆಸರು ಹಚ್ಚುವುದಿಲ್ಲವೆಂದು ಮಗ ಹೇಳಿದ್ದಾನೆ. ಸೊಸೆ ಮಾತ್ರ ಪಂಚಾಂಗ ನೋಡಿ ಹೇಳುತ್ತೇನೆ ಎಂದಿದ್ದಾಳೆ.