ಇಂಗ್ಲೆಂಡಿನ ಫುಟ್‌ಬಾಲ್ ಟಿಕೆಟ್ ದರ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಪಂದ್ಯವನ್ನು ಕ್ರೀಡಾಂಗಣಕ್ಕೆ ಹೋಗಿ ನೋಡಲು ತಗಲುವ ವೆಚ್ಚವು 1990ರ ದಶಕದಿಂದ ಸಾರ್ವಜನಿಕ ಚರ್ಚೆಯ ವಿಷಯವಾಗಿದೆ. ಗಣಿ, ಗಿರಣಿ ಮತ್ತು ಬಂದರುಗಳ ಕಾರ್ಮಿಕರು ಪೋಷಿಸಿದ ಈ ಆಟವನ್ನು ನೋಡುವುದು, ವಿಶೇಷವಾಗಿ ಅತ್ಯುನ್ನತ ಮಟ್ಟದ ಪ್ರೀಮಿಯರ್ ಲೀಗ್‌ನಲ್ಲಿ, ಸಾಮಾನ್ಯ ಆದಾಯದವರಿಗೆ ಕಷ್ಟವಾಗಿದೆ ಎಂಬುದು ಅಭಿಮಾನಿ ಸಂಘಟನೆಗಳ ಆಕ್ಷೇಪವಾಗಿದೆ.

ಹಿನ್ನೆಲೆ

ಹಿಂದೆ ಬಹುಪಾಲು ಪ್ರೇಕ್ಷಕರು ‘ಟೆರೇಸ್’ಗಳಲ್ಲಿ ನಿಂತು ಪಂದ್ಯ ನೋಡುತ್ತಿದ್ದರು. ಇಲ್ಲಿ ಟೆರೇಸ್ ಎಂದರೆ ಮನೆಯ ತಾರಸಿಯಲ್ಲ. ಗೋಲಿನ ಹಿಂದೆ ಅಥವಾ ಅಂಕಣದ ಬದಿಯಲ್ಲಿ ಕಟ್ಟಿದ, ಆಸನಗಳಿಲ್ಲದ ಮೆಟ್ಟಿಲುಗಳು. ಹೆಚ್ಚು ಜನರು ಹಿಡಿಯುತ್ತಿದ್ದುದರಿಂದ ಇಲ್ಲಿನ ದರ ಕಡಿಮೆಯಿತ್ತು. ಲಿವರ್‌ಪೂಲ್ ತಂಡದ ಆನ್‌ಫೀಲ್ಡ್ ಕ್ರೀಡಾಂಗಣದ ‘ಕಾಪ್’ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು.

1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಉಂಟಾದ ನೂಕುನುಗ್ಗಲಿಗೆ ಸಿಲುಕಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರು 1990ರ ಜನವರಿಯಲ್ಲಿ ಅಂತಿಮ ವರದಿ ನೀಡಿ, ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಆಸನವಿರಬೇಕೆಂದು ಶಿಫಾರಸು ಮಾಡಿದರು. ಆಸನದ ನೆಪದಲ್ಲಿ ದರ ವಿಪರೀತ ಏರಬೇಕಾಗಿಲ್ಲ ಎಂದೂ ಅದೇ ವರದಿ ಹೇಳಿತ್ತು. ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ನಿಲ್ಲುವವರಿಗೆ 4 ಪೌಂಡ್ ಇದ್ದಾಗ ಕುಳಿತುಕೊಳ್ಳುವವರಿಗೆ 6 ಪೌಂಡ್ ಇದ್ದುದನ್ನು ಅದು ಉದಾಹರಿಸಿತು. ಮೊದಲನೆಯ ಶಿಫಾರಸು ಜಾರಿಗೆ ಬಂದಿತು. 1994ರಲ್ಲಿ ಕಾಪ್ ಕೂಡ ಆಸನಮಯವಾಯಿತು. ದರದ ಕುರಿತ ಮಾತನ್ನು ಪಾಲಿಸುವಂತೆ ಕ್ಲಬ್‌ಗಳನ್ನು ಕಟ್ಟಿಹಾಕುವ ನಿಯಮ ಮಾತ್ರ ಬರಲಿಲ್ಲ.

ದರ ಏರಿಕೆಯ ಕಾರಣಗಳು

ಆಸನ ಹಾಕಿದಾಗ ಕ್ರೀಡಾಂಗಣದಲ್ಲಿ ಹಿಡಿಯುವ ಜನರ ಸಂಖ್ಯೆ ಇಳಿಯಿತು, ಮರುನಿರ್ಮಾಣದ ಖರ್ಚು ಬಂತು. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದ ಮೇಲೆ ಆಟಗಾರರ ವೇತನವೂ ಬಹಳ ಹೆಚ್ಚಿತು. ಆದರೆ ಇವುಗಳಿಂದಷ್ಟೇ ದರ ಏರಿಕೆಯನ್ನು ವಿವರಿಸಲಾಗದು. ಸಾಮಾನ್ಯ ಮಾರುಕಟ್ಟೆಯಲ್ಲಿ ಸರಕು ದುಬಾರಿಯಾದರೆ ಗ್ರಾಹಕರು ಬೇರೆ ಅಂಗಡಿಗೆ ಹೋಗುತ್ತಾರೆ. ತಂದೆ, ಅಜ್ಜನ ಕಾಲದಿಂದ ಒಂದು ತಂಡವನ್ನು ನೆಚ್ಚಿಕೊಂಡವರು ಪಕ್ಕದ ತಂಡದ ಟಿಕೆಟ್ ಅಗ್ಗವೆಂದು ಅತ್ತ ಹೋಗುವುದಿಲ್ಲ. ಇನ್ನೊಂದೆಡೆ, ಸೀಸನ್ ಟಿಕೆಟ್‌ಗಾಗಿ ಕಾಯುವವರ ಪಟ್ಟಿಯೂ ದೊಡ್ಡ ಕ್ಲಬ್‌ಗಳಲ್ಲಿ ಉದ್ದವಾಗಿರುತ್ತದೆ. ಹೀಗಾಗಿ ಹಳೆಯ ಅಭಿಮಾನಿಯೊಬ್ಬರು ಬರುವುದನ್ನು ನಿಲ್ಲಿಸಿದರೂ ಆಸನ ಖಾಲಿ ಉಳಿಯದು. ಅವರ ಗೈರುಹಾಜರಿ ಕ್ಲಬ್‌ನ ಲೆಕ್ಕಪತ್ರದಲ್ಲಿ ಕಾಣಿಸುವುದೂ ಇಲ್ಲ.

ಪ್ರತಿಭಟನೆಗಳು

2013ರ ಜನವರಿಯಲ್ಲಿ ಆರ್ಸೆನಲ್ ವಿರುದ್ಧದ ಪಂದ್ಯಕ್ಕೆ ಮ್ಯಾಂಚೆಸ್ಟರ್ ಸಿಟಿಯ ಅಭಿಮಾನಿಗಳಿಗೆ ತಲಾ 62 ಪೌಂಡ್ ದರ ನಿಗದಿಯಾಗಿತ್ತು. ಮಾರಾಟವಾಗದ ನೂರಾರು ಟಿಕೆಟ್‌ಗಳನ್ನು ಹಿಂತಿರುಗಿಸಲಾಯಿತು. ಪ್ರವಾಸಿ ತಂಡದ ಅಭಿಮಾನಿಗಳಿಗೆ 20 ಪೌಂಡ್ ಸಾಕು ಎಂಬ ಆಂದೋಲನವೂ ಅದೇ ವರ್ಷ ಆರಂಭವಾಯಿತು.

2016ರಲ್ಲಿ ಆನ್‌ಫೀಲ್ಡ್‌ನ ವಿಸ್ತೃತ ಮುಖ್ಯ ಸ್ಟ್ಯಾಂಡಿನ ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ಘೋಷಿಸಲಾಯಿತು. ಫೆಬ್ರುವರಿ 6ರಂದು ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೆಯ ನಿಮಿಷದಲ್ಲಿ ಸಾವಿರಾರು ಪ್ರೇಕ್ಷಕರು ಎದ್ದು ಹೊರನಡೆದರು. ಆಗ 2-0 ಮುಂದಿದ್ದ ಲಿವರ್‌ಪೂಲ್, ಉಳಿದ ಸಮಯದಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಪಂದ್ಯವನ್ನು ಡ್ರಾ ಮಾಡಿಕೊಂಡಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೋರಿ ಆ ದರವನ್ನು ಕೈಬಿಟ್ಟರು. ಮುಂದಿನ ತಿಂಗಳು ಪ್ರೀಮಿಯರ್ ಲೀಗ್, ಪ್ರವಾಸಿ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್‌ಗಳ ಗರಿಷ್ಠ ಮಿತಿ ಹಾಕಿತು. ಈ ಮಿತಿ ತವರಿನ ಅಭಿಮಾನಿಗಳಿಗೆ ಅನ್ವಯಿಸುವುದಿಲ್ಲ. 2024ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಋತುವಿನ ಮಧ್ಯದಲ್ಲೇ ಉಳಿದ ಟಿಕೆಟ್‌ಗಳಿಗೆ ಮಕ್ಕಳು ಮತ್ತು ಹಿರಿಯರ ರಿಯಾಯಿತಿಯನ್ನು ತೆಗೆದು ಕನಿಷ್ಠ 66 ಪೌಂಡ್ ನಿಗದಿಪಡಿಸಿದಾಗ ಪ್ರತಿಭಟನೆಗಳು ನಡೆದವು.

ಜರ್ಮನಿಯೊಂದಿಗೆ ಹೋಲಿಕೆ

ಜರ್ಮನಿಯಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ, ಕ್ಲಬ್‌ನ ಬಹುಮತದ ಮತಾಧಿಕಾರ ಅದರ ಸದಸ್ಯರ ಕೈಯಲ್ಲಿಯೇ ಇರಬೇಕು. ಅಭಿಮಾನಿಗಳೇ ಸದಸ್ಯರಾಗಿರುವಾಗ ದರ ಏರಿಸುವುದು ಸುಲಭವಲ್ಲ. ಅಲ್ಲಿ ನಿಂತು ನೋಡುವ ಸ್ಥಳಗಳೂ ಉಳಿದುಕೊಂಡಿವೆ. ಡಾರ್ಟ್‌ಮುಂಡ್‌ನ ದಕ್ಷಿಣ ಸ್ಟ್ಯಾಂಡಿನಲ್ಲಿ ಸುಮಾರು 25,000 ಜನರು ಸೇರಬಹುದು. ಇಂಗ್ಲೆಂಡಿನಲ್ಲಿಯೂ 2022ರಿಂದ ಅನುಮತಿ ಪಡೆದ ಕ್ರೀಡಾಂಗಣಗಳಲ್ಲಿ, ಕಂಬಿಗಳಿರುವ ಸಾಲುಗಳಲ್ಲಿ ನಿಂತು ನೋಡಲು ಅವಕಾಶವಿದೆ. ಆದರೆ ಒಂದು ಆಸನಕ್ಕೆ ಒಬ್ಬರೇ ಎಂಬ ನಿಯಮವಿರುವುದರಿಂದ ಪ್ರೇಕ್ಷಕರ ಸಂಖ್ಯೆ ಹೆಚ್ಚುವುದಿಲ್ಲ. ಹಳೆಯ ಟೆರೇಸ್‌ಗಳ ಅಗ್ಗದ ದರಕ್ಕೆ ಕಾರಣವಾಗಿದ್ದ ಹೆಚ್ಚುವರಿ ಜಾಗ ಇದರಿಂದ ಮರಳಿ ದೊರೆತಿಲ್ಲ.